ಮೂರನೇ ಕನಿಷ್ಕ: ಬಾವಿಯ ಶಾಸನ ಉಳಿಸಿದ ಅರಸ

ಮೂರನೇ ಕನಿಷ್ಕ ಕುಷಾಣ ಸಾಮ್ರಾಜ್ಯದ ಇಳಿಗಾಲದಲ್ಲಿ, ಕ್ರಿ.ಶ. 3ನೇ ಶತಮಾನದ ಉತ್ತರಾರ್ಧದಲ್ಲಿ ಆಳಿದ ದೊರೆ. ಅದೇ ಹೆಸರಿನ ಸುಪ್ರಸಿದ್ಧ ಚಕ್ರವರ್ತಿಯ ನೆರಳಿನಲ್ಲಿ ಮರೆಯಾದ ಈತನ ಕಾಲವನ್ನು ಗುರುತಿಸಲು ಮುಖ್ಯ ಆಧಾರವಾಗಿರುವುದು ಒಂದು ಬಾವಿಯ ಶಾಸನ.

ಆರಾ ಶಾಸನ

ಈಗ ಪಾಕಿಸ್ತಾನದಲ್ಲಿರುವ ಅಟಕ್ ಸಮೀಪದ ಆರಾ ಎಂಬಲ್ಲಿ ಈ ಖರೋಷ್ಠಿ ಶಾಸನ ದೊರೆಯಿತು. ದಶವ್ಹರ ಎಂಬಾತ ತಂದೆತಾಯಿಯ ಗೌರವಾರ್ಥ, ಸಕಲ ಜೀವಿಗಳ ಹಿತಕ್ಕಾಗಿ ಬಾವಿ ತೋಡಿಸಿದ್ದನ್ನು ಅದು ದಾಖಲಿಸುತ್ತದೆ. ಆಗ ಆಳುತ್ತಿದ್ದವನು ವಝೇಷ್ಕನ, ಅಂದರೆ ವಾಸಿಷ್ಕನ, ಮಗ ಕನಿಷ್ಕ, ವರ್ಷ 41.

ತೊಡಕು ಇರುವುದು ಈ ಸಂಖ್ಯೆಯಲ್ಲಿಯೇ. ಒಂದನೇ ಕನಿಷ್ಕ ಆರಂಭಿಸಿದ ಶಕೆಯ 41ನೇ ವರ್ಷದಲ್ಲಿ ಸಿಂಹಾಸನದಲ್ಲಿದ್ದವನು ಹುವಿಷ್ಕ. ಹೀಗಾಗಿ ಈ ಕನಿಷ್ಕ ಯಾರೆಂಬ ಬಗ್ಗೆ ವಿದ್ವಾಂಸರಲ್ಲಿ ದೀರ್ಘಕಾಲ ಚರ್ಚೆ ನಡೆಯಿತು. 'ಎಪ್ಪತ್ತೊಂದರ ಯುದ್ಧ' ಎಂದರೆ ನಾವು 1971 ಎಂದು ಅರ್ಥ ಮಾಡಿಕೊಳ್ಳುವಂತೆ, ಕುಷಾಣರ ಕಾಲದಲ್ಲಿಯೂ ನೂರರ ಅಂಕಿಯನ್ನು ಕೈಬಿಟ್ಟು ಬರೆಯುವ ರೂಢಿಯಿತ್ತು ಎಂಬುದು ಇಂದು ಹೆಚ್ಚಿನವರು ಒಪ್ಪುವ ವಿವರಣೆ. ಅದರಂತೆ 41 ಎಂದರೆ 141. ಶಕೆಯ ಆರಂಭ ಕ್ರಿ.ಶ. 127 ಎಂದಿಟ್ಟುಕೊಂಡರೆ, ಶಾಸನದ ಕಾಲ ಸುಮಾರು 267-68 ಆಗುತ್ತದೆ. ತಂದೆ ವಾಸಿಷ್ಕನ 24ನೇ ವರ್ಷದ ಮಥುರಾ ಬಳಿಯ ಈಸಾಪುರ ಶಾಸನ ಹಾಗೂ 28ನೇ ವರ್ಷದ ಸಾಂಚಿ ಶಾಸನಗಳೂ ಈ ಲೆಕ್ಕಕ್ಕೆ ಹೊಂದಿಕೊಳ್ಳುತ್ತವೆ.

ನಾಲ್ಕು ಬಿರುದುಗಳು

ಮಹಾರಾಜ, ರಾಜಾತಿರಾಜ, ದೇವಪುತ್ರ ಎಂಬ ಬಿರುದುಗಳ ಜತೆಗೆ 'ಕೈಸರ' ಎಂಬ ನಾಲ್ಕನೆಯದೂ ಶಾಸನದಲ್ಲಿದೆ ಎಂದು ಜರ್ಮನ್ ವಿದ್ವಾಂಸ ಹೈನ್ರಿಕ್ ಲ್ಯೂಡರ್ಸ್ ಓದಿದರು. ಭಾರತ, ಪರ್ಷಿಯಾ, ಚೀನಾ, ರೋಮ್ ಸಂಪ್ರದಾಯಗಳು ಹೀಗೆ ಒಂದೇ ಸಾಲಿನಲ್ಲಿ ಸೇರಿವೆ. ಈ ಓದನ್ನು ಪ್ರಶ್ನಿಸಿದವರೂ ಉಂಟು.

ಬಿರುದುಗಳು ಹಿಗ್ಗಿದ್ದರೂ ರಾಜ್ಯ ಕುಗ್ಗಿತ್ತು. ಬ್ಯಾಕ್ಟ್ರಿಯಾ ಆ ವೇಳೆಗೆ ಪರ್ಷಿಯಾದ ಸಸ್ಸಾನಿಯನ್ನರ ವಶವಾಗಿತ್ತು. ಅವರ ದೊರೆ ಒಂದನೇ ಶಾಪುರ 260ರಲ್ಲಿ ನಿಜವಾದ ಕೈಸರ, ರೋಮನ್ ಚಕ್ರವರ್ತಿ ವಲೇರಿಯನ್‌ನನ್ನೇ ಸೆರೆಹಿಡಿದಿದ್ದ. ಪೇಶಾವರದವರೆಗಿನ ಕುಷಾಣ ನಾಡು ತನ್ನದೆಂದು ಶಾಪುರ ತನ್ನ ಶಾಸನದಲ್ಲಿ ಸಾರಿದ್ದಾನೆ.

ಉಳಿದ ಗುರುತು

4ನೇ ಶತಮಾನದಲ್ಲಿ ಕುಷಾಣರ ಆಳ್ವಿಕೆ ಕೊನೆಗೊಂಡಿತು. ಆದರೆ ಅವರ ಕೊನೆಯ ದೊರೆಗಳ ಚಿನ್ನದ ನಾಣ್ಯಗಳಲ್ಲಿನ ಆಸೀನ ದೇವತೆ ಅರ್ದೋಕ್ಷೊ ಗುಪ್ತರ ಆರಂಭಿಕ ನಾಣ್ಯಗಳಿಗೆ ಮಾದರಿಯಾದಳು. ಕ್ರಮೇಣ ಲಕ್ಷ್ಮಿಯ ರೂಪ ತಳೆದಳು.