ಬೆಟಗೇರಿಯ ಸಭೆ: ಕ್ರೈಸ್ತ ನಂಬಿಕೆ ಕೊಡುವ ಗುರುತು ಮತ್ತು ಬಾಳ್ವೆ

ಗದಗ-ಬೆಟಗೇರಿ ಸೀಮೆಯಲ್ಲಿ ಪ್ರೊಟೆಸ್ಟಂಟ್ ಕ್ರೈಸ್ತ ಸಭೆಯ ಚರಿತ್ರೆ 1841ರಿಂದ ಶುರುವಾಗುತ್ತದೆ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಹುಟ್ಟಿದ ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂತು. ಘಟ್ಟ ಹತ್ತಿ 1837ರಲ್ಲಿ ಧಾರವಾಡದಲ್ಲಿ, 1839ರಲ್ಲಿ ಹುಬ್ಬಳ್ಳಿಯಲ್ಲಿ ನೆಲೆ ಮಾಡಿತು. ಆಮೇಲೆ ಬಂದದ್ದು ನೇಕಾರರ ಊರಾದ ಬೆಟಗೇರಿಗೆ. ಇಲ್ಲಿ ದೀಕ್ಷಾಸ್ನಾನ ಪಡೆದವರು ಊರನ್ನೂ ಭಾಷೆಯನ್ನೂ ಬಿಡಲಿಲ್ಲ. ಹೆಚ್ಚಿನವರ ಅನ್ನ ಅದೇ ಜೋಳದ ರೊಟ್ಟಿಯೇ, ದುಡಿತವೂ ಅದೇ ಎರೆಮಣ್ಣಿನಲ್ಲಿಯೇ ಆಗಿತ್ತು. ಆದರೂ ತಾವು ಹೊಸ ಮನುಷ್ಯರಾದೆವು ಎಂದು ಅವರು ನಂಬಿದರು. ಆ ನಂಬಿಕೆಯ ಅರ್ಥವೇನು, ಅದು ದಿನದಿನದ ಬದುಕಿನಲ್ಲಿ ಹೇಗೆ ಕಾಣಿಸಿಕೊಂಡಿತು ಎಂಬುದನ್ನು ಈ ಲೇಖನ ವಿವರಿಸುತ್ತದೆ.

ನಂಬಿಕೆಯ ತಿರುಳು

ಹೊಸ ಗುರುತಿನ ಬಗ್ಗೆ ಬೈಬಲಿನಲ್ಲಿ ಎಲ್ಲರಿಗಿಂತ ಹೆಚ್ಚು ಬರೆದವನು ಪೌಲ. ಕ್ರಿಸ್ತನಲ್ಲಿ ಇರುವವನು ಹೊಸ ಸೃಷ್ಟಿ ಎಂಬುದು ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ ಮಾತು. ರೋಮಾಪುರದವರಿಗೆ ಬರೆದ ಪತ್ರದ ಆರನೆಯ ಅಧ್ಯಾಯದಲ್ಲಿ ದೀಕ್ಷಾಸ್ನಾನವನ್ನು ಸಾವಿಗೂ ಮರುಹುಟ್ಟಿಗೂ ಸಮನಾಗಿ ಹೇಳುತ್ತಾನೆ. ನೀರಿಗೆ ಇಳಿಯುವುದೆಂದರೆ ಕ್ರಿಸ್ತನೊಡನೆ ಹೂಳಲ್ಪಡುವುದು, ಮೇಲೆ ಬರುವುದೆಂದರೆ ಅವನೊಡನೆ ಎದ್ದು ಬರುವುದು. ಯೆಹೂದ್ಯ ಮತ್ತು ಗ್ರೀಕ, ಆಳು ಮತ್ತು ಸ್ವತಂತ್ರ, ಗಂಡು ಮತ್ತು ಹೆಣ್ಣು ಎಂಬ ಭೇದ ಕ್ರಿಸ್ತನಲ್ಲಿ ನಿಲ್ಲುವುದಿಲ್ಲ ಎಂಬ ಮಾತು ಗಲಾತ್ಯದವರಿಗೆ ಬರೆದ ಪತ್ರದ ಮೂರನೆಯ ಅಧ್ಯಾಯದಲ್ಲಿದೆ.

ಈ ಬೋಧನೆಯಲ್ಲಿ ಮೊದಲು ಯಾವುದು, ಆಮೇಲೆ ಯಾವುದು ಎಂಬುದು ಬಹಳ ಮುಖ್ಯ. ಮನುಷ್ಯ ಮೊದಲು ಒಳ್ಳೆಯವನಾಗಿ, ಅದರ ಫಲವಾಗಿ ದೇವರ ಮಗನೆನಿಸಿಕೊಳ್ಳುವುದಿಲ್ಲ. ದೇವರು ಕೃಪೆಯಿಂದ ಮೊದಲು ಅವನನ್ನು ಮಗನೆಂದು ಕರೆಯುತ್ತಾನೆ. ಆ ಕರೆಗೆ ತಕ್ಕ ನಡೆ ಆಮೇಲೆ ಬರಬೇಕು. ಆದ್ದರಿಂದ ಪೌಲನ ಪತ್ರಗಳ ಮೊದಲ ಭಾಗದಲ್ಲಿ ದೇವರು ಮಾಡಿದ್ದರ ವಿವರಣೆ ಇದ್ದರೆ, ಕೊನೆಯ ಭಾಗದಲ್ಲಿ ಸುಳ್ಳು ಬಿಡುವುದು, ಕೈಯಾರೆ ದುಡಿಯುವುದು, ಕ್ಷಮಿಸುವುದು, ಒಬ್ಬರ ಭಾರ ಇನ್ನೊಬ್ಬರು ಹೊರುವುದು ಇವೆಲ್ಲ ಬರುತ್ತವೆ. ಅವನ ಅತಿ ಚಿಕ್ಕ ಪತ್ರ ಫಿಲೆಮೋನನಿಗೆ ಬರೆದದ್ದು. ಒಡೆಯನಿಂದ ದೂರವಾಗಿದ್ದ ಓನೇಸಿಮ ಎಂಬ ಆಳನ್ನು ಪೌಲ ಅದೇ ಒಡೆಯನ ಬಳಿಗೆ ಕಳಿಸುತ್ತ, ಇವನನ್ನು ಇನ್ನು ಆಳಾಗಿ ನೋಡಬೇಡ, ಪ್ರಿಯ ಸಹೋದರನೆಂದು ಬರಮಾಡಿಕೋ ಎಂದು ಕೇಳಿಕೊಳ್ಳುತ್ತಾನೆ. ಹೊಸ ಗುರುತು ಒಬ್ಬನ ಎದೆಯೊಳಗಿನ ಭಾವನೆಯಾಗಿ ಉಳಿದರೆ ಸಾಲದು. ಎದುರಿಗಿರುವವನು ಅದನ್ನು ಒಪ್ಪಿ ಮನೆಯೊಳಗೆ ಕರೆದಾಗಲೇ ಅದಕ್ಕೆ ಜೀವ. ಬೆಟಗೇರಿಯ ಸಭೆಯ ಕಥೆ ತಿಳಿಯಲು ಈ ಪತ್ರಕ್ಕಿಂತ ಒಳ್ಳೆಯ ಕೀಲಿಕೈ ಇನ್ನೊಂದಿಲ್ಲ.

ಈ ಸೀಮೆಗೆ ಅಪರಿಚಿತವಲ್ಲದ ವಿಚಾರ

ದೀಕ್ಷೆಯಿಂದ ಮನುಷ್ಯ ಮರುಹುಟ್ಟು ಪಡೆಯುತ್ತಾನೆ ಎಂಬ ಮಾತನ್ನು ಗದಗ ಸೀಮೆ ಮಿಷನರಿಗಳಿಂದ ಕಲಿಯಬೇಕಾಗಿರಲಿಲ್ಲ. ಹನ್ನೆರಡನೆಯ ಶತಮಾನದ ಶರಣರು ಇಷ್ಟಲಿಂಗ ದೀಕ್ಷೆ ಪಡೆದವನನ್ನು ಗುರುಕರಜಾತ ಎಂದರು. ಅವನ ಪೂರ್ವಾಶ್ರಯವನ್ನು, ಅಂದರೆ ಹಿಂದಿನ ಜಾತಿ ಕುಲವನ್ನು, ಎಣಿಸಬಾರದೆಂದು ಕಟ್ಟುನಿಟ್ಟಾಗಿ ಹೇಳಿದರು. ಮಿಷನರಿಗಳ ಮಾತಿಗೆ ಇಲ್ಲಿ ಕಿವಿಗೊಟ್ಟವರಲ್ಲಿ ಹಲವರು ಈ ಪರಂಪರೆಯ ನೆನಪು ಇದ್ದವರೇ. ಅನುಭಾವ, ದೀಕ್ಷೆ, ಪ್ರಸಾದ, ದಾಸೋಹ ಎಲ್ಲವೂ ಅವರಿಗೆ ಗೊತ್ತಿತ್ತು.

ವ್ಯತ್ಯಾಸವೂ ಇದೆ. ಶರಣರಲ್ಲಿ ಗುರುವಿನ ಕೈಯಿಂದ ಬಂದ ಲಿಂಗ ಅಂಗದ ಮೇಲೆಯೇ ಇರುತ್ತದೆ. ಸಾಧನೆ ಅಂಗ-ಲಿಂಗಗಳ ಸಾಮರಸ್ಯದತ್ತ ಸಾಗುತ್ತದೆ. ಕ್ರೈಸ್ತ ನಂಬಿಕೆಯಲ್ಲಿ ಶಿಲುಬೆಯ ಮೇಲಿನ ಒಂದು ಸಾವು, ಮೂರನೆಯ ದಿನದ ಪುನರುತ್ಥಾನ, ಇವೇ ಕೇಂದ್ರ. ನಂಬಿದವನ ಹೊಸತನವೆಲ್ಲ ಆ ಘಟನೆಗೆ ಅಂಟಿಕೊಂಡಿದೆ. ಇವೆರಡನ್ನೂ ಒಂದೇ ಎನ್ನುವುದು ಎರಡಕ್ಕೂ ಮಾಡುವ ಅನ್ಯಾಯ. ಆದರೆ ಎರಡೂ ಜಾತಿಯ ಗೋಡೆಗೇ ಕೈ ಹಾಕಿದವು ಎಂಬುದನ್ನು ಮರೆಯಬಾರದು.

ಮಲಸಮುದ್ರದ ಪ್ರಯತ್ನ

1840ರ ಆಸುಪಾಸಿನಲ್ಲಿ ಹುಬ್ಬಳ್ಳಿ-ಗದಗ ಭಾಗದಲ್ಲಿ ಕಾಲಜ್ಞಾನದ ಮಾತುಗಳನ್ನು ನಂಬಿದ ಕೆಲವು ಗುಂಪುಗಳಿದ್ದವು. ಹೊಸ ಗುರುವೊಬ್ಬ ಬರುತ್ತಾನೆ, ಹೊಸ ಕಾಲ ತೆರೆಯುತ್ತದೆ ಎಂದು ಅವರು ಕಾಯುತ್ತಿದ್ದರು. ಮಿಷನರಿಗಳ ಬೋಧನೆ ಕೇಳಿ, ಕಾದದ್ದು ಇದೇ ಇರಬಹುದೆಂದು ಅವರಲ್ಲಿ ಕೆಲವರಿಗೆ ಅನಿಸಿತು. ಊರಿಗೆ ಊರೇ ಸಭೆಗೆ ಸೇರುತ್ತದೆ ಎಂಬ ದೊಡ್ಡ ಆಸೆ ಮಿಷನರಿಗಳಲ್ಲೂ ಹುಟ್ಟಿತು. ಸೇರಿದವರಿಗೆ ನೆಲೆ ಬೇಕೆಂದು ಗದಗದ ಹತ್ತಿರದ ಮಲಸಮುದ್ರದಲ್ಲಿ ಒಂದು ಒಕ್ಕಲುತನದ ವಸಾಹತು ಹೂಡಿದರು.

ಅಂದುಕೊಂಡಂತೆ ಆಗಲಿಲ್ಲ. ಜನ ಕಾದಿದ್ದ ಗುರುವೇ ಬೇರೆ, ಮಿಷನರಿಗಳು ಸಾರಿದ ಕ್ರಿಸ್ತನೇ ಬೇರೆ. ಗುಂಪಾಗಿ ಬರುವ ಮಾತಾಡಿದವರು ಹಿಂದೆ ಸರಿದರು. ಈ ಸೋಲನ್ನು ಚರಿತ್ರೆಯ ಅಂಚಿಗೆ ತಳ್ಳುವುದು ಸುಲಭ. ನಮ್ಮ ಅಭಿಪ್ರಾಯದಲ್ಲಿ ಇದು ಈ ಸೀಮೆಯ ಸಭೆಗೆ ಸಿಕ್ಕ ಮೊದಲ ದೊಡ್ಡ ಪಾಠ. ಹೊಲ, ಮನೆ, ರಕ್ಷಣೆ ಒದಗಿಸಿದ ಮಾತ್ರಕ್ಕೆ ಮನುಷ್ಯನ ಗುರುತು ಬದಲಾಗದು. ಆಮೇಲೆ ಬೆಟಗೇರಿ ಸಭೆ ಬೆಳೆದದ್ದು ನಿಧಾನವಾಗಿ, ಒಂದೊಂದೇ ಮನೆಯಾಗಿ.

ದೀಕ್ಷಾಸ್ನಾನಕ್ಕೆ ತೆತ್ತ ಬೆಲೆ

ಹತ್ತೊಂಬತ್ತನೆಯ ಶತಮಾನದಲ್ಲಿ ದೀಕ್ಷಾಸ್ನಾನ ಪಡೆದವನಿಗೆ ಮೊದಲು ಕೈತಪ್ಪುತ್ತಿದ್ದದ್ದು ಬಾವಿಯ ನೀರು, ನೆಂಟರ ಮನೆಯ ಊಟ. ಆಮೇಲೆ ಆಸ್ತಿ. ಧರ್ಮ ಬಿಟ್ಟವನಿಗೆ ಪಿತ್ರಾರ್ಜಿತದಲ್ಲಿ ಪಾಲಿಲ್ಲ ಎಂಬುದು ಹಳೆಯ ಪದ್ಧತಿ. ಧರ್ಮ ಬದಲಿಸಿದ ಕಾರಣಕ್ಕೆ ಆಸ್ತಿಯ ಹಕ್ಕು ಹೋಗದಂತೆ ತಡೆದದ್ದು 1850ರ ಇಪ್ಪತ್ತೊಂದನೆಯ ಕಾಯಿದೆ. ಅದು ಕಂಪನಿಯ ಆಳ್ವಿಕೆಯ ನೆಲಕ್ಕೆ ಮಾಡಿದ ಕಾನೂನು. ಗದಗದ ಸುತ್ತಲಿನ ಸೀಮೆ ಆಗ ಒಂದೇ ಆಡಳಿತದಲ್ಲಿರಲಿಲ್ಲ: ಗದಗ ಬ್ರಿಟಿಷರ ಧಾರವಾಡ ಜಿಲ್ಲೆಯಲ್ಲಿ, ಲಕ್ಷ್ಮೇಶ್ವರ ಮೀರಜ ಸಂಸ್ಥಾನದಲ್ಲಿ, ಶಿರಹಟ್ಟಿ ಸಾಂಗ್ಲಿ ಸಂಸ್ಥಾನದಲ್ಲಿ. ಕೆಲವೇ ಹರದಾರಿ ದೂರದ ಊರುಗಳಲ್ಲಿ ಬೇರೆ ಬೇರೆ ದೊರೆತನ. ಕಾನೂನು ಏನೇ ಹೇಳಿದರೂ ಮನೆಯಿಂದ ಹೊರಬಿದ್ದವನು ಅಣ್ಣತಮ್ಮಂದಿರ ಮೇಲೆ ಕೋರ್ಟಿಗೆ ಹೋಗುವುದು ಸುಲಭದ ಮಾತಾಗಿರಲಿಲ್ಲ.

ಬಾಸೆಲ್ ಮಿಷನ್ ಉದ್ಯಮಗಳಿಗೆ ಕೈ ಹಾಕಿದ್ದಕ್ಕೆ ಇದೇ ದೊಡ್ಡ ಕಾರಣ. ಮಂಗಳೂರಿನ ಮುದ್ರಣಾಲಯ 1841ರದು. ನೇಯ್ಗೆ ಕಾರ್ಖಾನೆ 1851ರಲ್ಲಿ, ಹೆಂಚಿನ ಕಾರ್ಖಾನೆ 1865ರಲ್ಲಿ ಬಂತು. ಕಸುಬು ಕಳೆದುಕೊಂಡವರಿಗೆ ಕೂಲಿ ಸಿಕ್ಕಿತು. ಅದಕ್ಕಿಂತ ದೊಡ್ಡದೊಂದು ಸಂಗತಿಯೂ ನಡೆಯಿತು: ಬೇರೆ ಬೇರೆ ಜಾತಿಯಿಂದ ಬಂದವರು ಒಂದೇ ಸೂರಿನಡಿ, ಒಂದೇ ಗಂಟೆಯ ಸದ್ದಿಗೆ ಕೆಲಸ ಶುರು ಮಾಡಿದರು. ಮಿಷನ್ನಿನ ಮೇಲೆ ಅತಿಯಾಗಿ ಅವಲಂಬಿಸುವ ಅಪಾಯವೂ ಅದರ ಜೊತೆಗೇ ಬಂತು ಎಂಬುದು ನಿಜ.

ಕರಾವಳಿಯ ಒಂದು ಉದಾಹರಣೆ ಇಲ್ಲಿ ಹೇಳಲೇಬೇಕು. ಮಂಗಳೂರಿನ ಸಾರಸ್ವತ ತರುಣ ಆನಂದರಾವ್ ಕೌಂಡಿನ್ಯ 1844ರಲ್ಲಿ ದೀಕ್ಷಾಸ್ನಾನ ಪಡೆದು, ಬಾಸೆಲ್‌ನಲ್ಲಿ ಓದಿ ಗುರುದೀಕ್ಷೆ ಪಡೆದು ಮರಳಿದರು. ತಮ್ಮ ಗುರು ಹರ್ಮನ್ ಮೋಗ್ಲಿಂಗ್ ಅವರ ಹೆಸರನ್ನು ಮುಂದಕ್ಕೆ ಸೇರಿಸಿಕೊಂಡರೇ ಹೊರತು ಆನಂದರಾವ್ ಎಂಬುದನ್ನಾಗಲಿ, ಗೋತ್ರದ ಕೌಂಡಿನ್ಯವನ್ನಾಗಲಿ ಅಳಿಸಲಿಲ್ಲ. ಕೊಡಗಿನ ಆನಂದಪುರದ ಸಭೆಗೆ ಸೇರಿದವರು ಜೀತದಲ್ಲಿದ್ದ ಹೊಲೆಯರು. ಆ ಊರಿಗೆ ಇಟ್ಟದ್ದು ಆನಂದರಾವ್ ಅವರ ಹೆಸರನ್ನು. ಬ್ರಾಹ್ಮಣನಾಗಿ ಹುಟ್ಟಿದವನನ್ನೂ ಜೀತದಾಳಾಗಿ ಹುಟ್ಟಿದವನನ್ನೂ ಸಹೋದರರೆಂದು ಕರೆದ ಸಭೆ ಅದು. ಫಿಲೆಮೋನನಿಗೆ ಬಂದ ಪತ್ರ ಕನ್ನಡ ನೆಲದಲ್ಲಿ ಪರೀಕ್ಷೆಗೆ ನಿಂತದ್ದು ಇಂಥಲ್ಲಿ.

ಸಭೆಯ ಶಿಸ್ತು, ದಿನದ ಬಾಳು

ಜಾತಿಯ ವಿಷಯದಲ್ಲಿ ಬಾಸೆಲ್ ಮಿಷನ್ ತಮಿಳುನಾಡಿನ ಲೈಪ್ಸಿಗ್ ಮಿಷನ್ನಿಗಿಂತ ಬಿಗಿ. ಸಭೆಯೊಳಗೆ ಜಾತಿ ಆಚರಿಸುವಂತಿಲ್ಲ ಎಂಬುದು ಅದರ ನಿಯಮ. ದೀಕ್ಷಾಸ್ನಾನಕ್ಕೆ ಮೊದಲು ಉಪದೇಶಿಯ ಬಳಿ ತಿಂಗಳುಗಟ್ಟಲೆ ಪಾಠ ಇರುತ್ತಿತ್ತು. ಮಗುವಾಗಿದ್ದಾಗಲೇ ಸ್ನಾನವಾದವರು ಬೆಳೆದು ಬುದ್ಧಿ ಬಂದ ಮೇಲೆ ಸ್ಥಿರೀಕರಣದಲ್ಲಿ ತಮ್ಮ ಬಾಯಿಂದಲೇ ನಂಬಿಕೆ ಹೇಳಿಕೊಳ್ಳಬೇಕು. ಆಮೇಲೆ ಕರ್ತನ ಭೋಜನದ ಪಂಕ್ತಿ. ಒಂದೇ ರೊಟ್ಟಿ, ಒಂದೇ ಪಾತ್ರೆ. ಒಬ್ಬರು ಮುಟ್ಟಿದ್ದನ್ನು ಇನ್ನೊಬ್ಬರು ಉಣ್ಣದ ಕಾಲದಲ್ಲಿ ಆ ಪಾತ್ರೆಗೆ ತುಟಿ ತಾಗಿಸಿದ್ದೇ ದೊಡ್ಡ ಸಾಕ್ಷಿ. ಹೊಸ ಗುರುತು ಎಲ್ಲಿದೆ ಎಂದು ಯಾರಾದರೂ ಕೇಳಿದರೆ ಅದನ್ನೇ ತೋರಿಸಬೇಕು.

ಹಿರಿಯರ ಮಂಡಳಿ ಜಗಳ ಬಗೆಹರಿಸುತ್ತಿತ್ತು, ತಪ್ಪಿದವರನ್ನು ಪಂಕ್ತಿಯಿಂದ ತಡೆಯುತ್ತಿತ್ತು, ಪಶ್ಚಾತ್ತಾಪಪಟ್ಟವರನ್ನು ಮತ್ತೆ ಸೇರಿಸಿಕೊಳ್ಳುತ್ತಿತ್ತು. ಹೆಂಡ ಬಿಡಬೇಕು, ಭಾನುವಾರ ಕೆಲಸ ನಿಲ್ಲಿಸಬೇಕು, ಒಬ್ಬಳೇ ಹೆಂಡತಿಯೊಡನೆ ಬಾಳಬೇಕು. ಬೈಬಲನ್ನು ಸ್ವತಃ ಓದಬೇಕೆಂಬ ನಿಯಮ ಹೆಣ್ಣುಮಕ್ಕಳಿಗೂ ಇತ್ತು. ಈ ಎಲ್ಲದರಲ್ಲಿ ಅತಿ ದೂರ ಹೋದ ಫಲ ಅದರದೇ. ಸಭೆಯ ಹುಡುಗಿ ಅಕ್ಷರ ಕಲಿತಳು. ಮುಂದೆ ಟೀಚರಾದಳು, ನರ್ಸಾದಳು.

ನರ್ಸಿನ ಮಾತು ಬಂದಾಗ ಬೆಟಗೇರಿಯ ದವಾಖಾನೆಯನ್ನು ನೆನೆಯಬೇಕು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮಿಷನ್ ಇಲ್ಲಿ ವೈದ್ಯಸೇವೆ ಶುರು ಮಾಡಿತು. ಸುತ್ತಲಿನ ಜನ ಅದನ್ನು ಜರ್ಮನ್ ದವಾಖಾನೆ ಎಂದು ಕರೆದರು. ನೆರೆಯವನನ್ನು ಪ್ರೀತಿಸು ಎಂಬ ಬೋಧನೆಗೆ ಗದಗ ಸೀಮೆಯಲ್ಲಿ ಸಿಕ್ಕ ಅತ್ಯಂತ ಸ್ಪಷ್ಟ ರೂಪ ಇದು ಎಂದರೆ ತಪ್ಪಲ್ಲ.

ಭಾಷೆಯಲ್ಲಿ ಬೇರು

ಬಳ್ಳಾರಿಯ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಕೆಲಸದಿಂದ 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಗಿತ್ತು. ಹೀಗಾಗಿ ಬೆಟಗೇರಿಯ ಸಭೆಗೆ ಮೊದಲ ದಿನದಿಂದಲೂ ಕನ್ನಡವೇ ದೇವರ ಮುಂದೆ ನಿಲ್ಲುವ ಭಾಷೆ. ಹಾಡುಗಳಲ್ಲಿ ಮೊದಮೊದಲು ಜರ್ಮನ್ ಮಟ್ಟುಗಳಿದ್ದವು. 1853ರಲ್ಲಿ ಬಂದ ಫರ್ಡಿನಾಂಡ್ ಕಿಟ್ಟೆಲ್ ಇನ್ನೊಂದು ದಾರಿ ಹಿಡಿದರು: 1862ರ ಕಥಾಮಾಲೆಯಲ್ಲಿ ಯೇಸುವಿನ ಚರಿತೆಯನ್ನು ನಮ್ಮದೇ ಛಂದಸ್ಸಿಗೆ ತಂದರು. ಅವರ 1894ರ ನಿಘಂಟು ಸಭೆಯ ಮೇರೆ ದಾಟಿ ಇಡೀ ನಾಡಿನ ಆಸ್ತಿಯಾಯಿತು.

ಉತ್ತಂಗಿ ಚನ್ನಪ್ಪನವರು

ಈ ಸಭೆಗಳ ಪರಂಪರೆ ಕೊಟ್ಟ ಅತಿ ಎತ್ತರದ ವ್ಯಕ್ತಿ ರೆವರೆಂಡ್ ಉತ್ತಂಗಿ ಚನ್ನಪ್ಪನವರು. 1881ರಲ್ಲಿ ಧಾರವಾಡದಲ್ಲಿ ಹುಟ್ಟಿ, ಬಾಸೆಲ್ ಮಿಷನ್ನಿನ ಬೋಧಕರಾಗಿ ಉತ್ತರ ಕರ್ನಾಟಕದಲ್ಲಿ ದುಡಿದು, 1962ರಲ್ಲಿ ತೀರಿಕೊಂಡರು. ಊರೂರು ತಿರುಗಿ ಸರ್ವಜ್ಞನ ತ್ರಿಪದಿಗಳನ್ನು ಕೂಡಿಹಾಕಿ 1924ರಲ್ಲಿ ಪ್ರಕಟಿಸಿದವರು ಅವರೇ. ಸಿದ್ಧರಾಮನ ಸಾಹಿತ್ಯವನ್ನು ಸಂಗ್ರಹಿಸಿದರು, ಅನುಭವ ಮಂಟಪದ ಐತಿಹಾಸಿಕತೆಯ ಬಗ್ಗೆ ಬರೆದರು. ತಿರುಳ್ಗನ್ನಡದ ತಿರುಕ ಎಂದು ನಾಡು ಅವರನ್ನು ಪ್ರೀತಿಯಿಂದ ಕರೆಯಿತು. 1949ರಲ್ಲಿ ಕಲಬುರ್ಗಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು.

ಕ್ರೈಸ್ತ ಪಾದ್ರಿಯೊಬ್ಬರು ಶೈವ ವಚನಗಳಿಗೆ ಬಾಳು ಸವೆಸಿದ್ದು ಅವರ ನಂಬಿಕೆ ಸಡಿಲವಾದ್ದರಿಂದ ಅಲ್ಲ. ತಾನು ಯಾರವನು ಎಂಬುದು ಕ್ರಿಸ್ತನಲ್ಲಿ ಗಟ್ಟಿಯಾಗಿ ತೀರ್ಮಾನವಾದವನಿಗೆ ನೆರೆಮನೆಯ ಸಂಪತ್ತನ್ನು ಕಂಡು ಹೆದರಿಕೆ ಹುಟ್ಟುವುದಿಲ್ಲ, ಗೌರವ ಹುಟ್ಟುತ್ತದೆ. ಮತಾಂತರವೆಂದರೆ ನಾಡಿಗೆ ಬೆನ್ನು ತೋರಿಸುವುದು ಎನ್ನುವವರಿಗೂ, ಹಳೆಯದೆಲ್ಲ ಕತ್ತಲೆ ಎನ್ನುವ ಕ್ರೈಸ್ತರಿಗೂ ಉತ್ತಂಗಿಯವರ ಬದುಕು ಸಾಕಷ್ಟು ಉತ್ತರ ಕೊಡುತ್ತದೆ.

ಮಿಷನ್ನಿನಿಂದ ಸಭೆಗೆ

1914ರ ಯುದ್ಧದಲ್ಲಿ ಬ್ರಿಟಿಷ್ ಸರಕಾರ ಜರ್ಮನ್ ಮಿಷನರಿಗಳನ್ನು ಬಂಧನದಲ್ಲಿಟ್ಟು ಆಮೇಲೆ ಊರಿಗೆ ಕಳಿಸಿತು. ಸಭೆಗಳ ಹೊಣೆ ಸ್ಥಳೀಯರ ಹೆಗಲಿಗೆ ಬಿತ್ತು. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ದಕ್ಷಿಣ ಭಾರತ ಸಭೆ, ಅಂದರೆ ಸಿ.ಎಸ್.ಐ., ರೂಪುಗೊಂಡಿತು. ಮುಂಬಯಿ ಕರ್ನಾಟಕದ ಬಾಸೆಲ್ ಮಿಷನ್ ಸಭೆಗಳು ಅದಕ್ಕೆ ಸೇರಿದ್ದು 1968ರಲ್ಲಿ. ಈಗ ಇವು ಧಾರವಾಡ ಕೇಂದ್ರವಾಗಿರುವ ಉತ್ತರ ಕರ್ನಾಟಕ ಧರ್ಮಪ್ರಾಂತ್ಯದಲ್ಲಿವೆ.

ಜಾತಿಯ ಪ್ರಶ್ನೆ, ಕಾನೂನಿನ ಪ್ರಶ್ನೆ

ಪಂಕ್ತಿಯಲ್ಲಿ ಹೋದ ಜಾತಿ ಮದುವೆಯ ಮಾತುಕತೆಯಲ್ಲಿ ಮತ್ತೆ ತಲೆ ಎತ್ತುವುದುಂಟು. ಭಾರತದ ಸಭೆಗಳಲ್ಲಿ ಹಲವೆಡೆ ಇದು ಇಂದಿಗೂ ಇದೆ. ದಲಿತ ಕ್ರೈಸ್ತ ಚಿಂತಕರು ದಶಕಗಳಿಂದ ಹೇಳುತ್ತ ಬಂದಿರುವ ಈ ಮಾತನ್ನು ಮುಚ್ಚಿಟ್ಟು ಹೊಸ ಗುರುತಿನ ಬಗ್ಗೆ ಬರೆಯುವುದು ಸತ್ಯಕ್ಕೆ ದ್ರೋಹ.

ಸರಕಾರದ ಲೆಕ್ಕ ಇನ್ನೊಂದು ಬಗೆಯದು. 1950ರ ರಾಷ್ಟ್ರಪತಿಗಳ ಆದೇಶದಂತೆ ಹಿಂದೂಗಳಲ್ಲದವರಿಗೆ ಬಹುಮಟ್ಟಿಗೆ ಪರಿಶಿಷ್ಟ ಜಾತಿಯ ಸ್ಥಾನ ಇರಲಿಲ್ಲ. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಲಾಯಿತು. ದೀಕ್ಷಾಸ್ನಾನವಾದ ದಲಿತ ಹೊರಗೇ ಉಳಿದ. ನೆರೆಯವರ ಕಣ್ಣಿಗೆ ಅವನು ಹಳೆಯ ಜಾತಿಯವನೇ, ಕಾಗದದ ಮೇಲೆ ಮಾತ್ರ ಬೇರೆ. ಅವನಿಗೂ ಆ ಸ್ಥಾನ ಕೊಡಬೇಕೆಂದು ರಂಗನಾಥ ಮಿಶ್ರ ಆಯೋಗ 2007ರಲ್ಲಿ ಶಿಫಾರಸು ಮಾಡಿತು. ಇದೇ ಪ್ರಶ್ನೆಯ ಪರಿಶೀಲನೆಗೆ ಕೆ.ಜಿ. ಬಾಲಕೃಷ್ಣನ್ ಆಯೋಗವನ್ನು 2022ರ ಅಕ್ಟೋಬರಿನಲ್ಲಿ ನೇಮಿಸಲಾಯಿತು. ಆಯೋಗ ಉತ್ತರಿಸಬೇಕಾದದ್ದು ಮೀಸಲಾತಿಯ ಪ್ರಶ್ನೆಗೆ. ಮಗಳನ್ನು ಯಾವ ಮನೆಗೆ ಕೊಡುವುದು, ಸೊಸೆಯನ್ನು ಯಾವ ಮನೆಯಿಂದ ತರುವುದು ಎಂಬ ಪ್ರಶ್ನೆಗೆ ಸಭೆಯ ಮನೆಗಳೇ ಉತ್ತರ ಕೊಡಬೇಕಾಗಿದೆ.