ಕಿಟ್ಟ ಹೇಳುವುದೆಷ್ಟು? ಬಳ್ಳಾರಿ ಸೀಮೆಯ ಬೂದಿದಿಬ್ಬಗಳ ಒಂದು ಸಾಕ್ಷ್ಯದ ಮರುಪರಿಶೀಲನೆ

ವಿಜಯನಗರ ಕಾಲದ ಸಾಮೂಹಿಕ ಚಿತೆಗಳಿಗೆ ಬೂದಿದಿಬ್ಬಗಳನ್ನು, ಅಂದರೆ ಬೂದಿ, ಕಿಟ್ಟಗಳ ಈ ದೊಡ್ಡ ರಾಶಿಗಳನ್ನು, ಗಂಟುಹಾಕಿದ ರಾಬರ್ಟ್ ಸೀವೆಲ್ಲರ 1899ರ ಲೇಖನವನ್ನು ಇಂದು ಯಾರೂ ಒಪ್ಪುವುದಿಲ್ಲ. ಅವು ಕಬ್ಬಿಣದ ಕುಲುಮೆಗಳ ಕಸವೆಂಬ ವಾದಕ್ಕೂ ಅದೇ ಗತಿ ಬಂದಿದೆ. ಎರಡೂ ವಾದಗಳು ಬಿದ್ದವು; ಆದರೆ ಅವು ನಿಂತಿದ್ದ ನೆಲ ಹಾಗೇ ಉಳಿದಿದೆ. ಕರಗಿ ಗಾಜಿನಂತಾದ ಕಿಟ್ಟ ಕಂಡೊಡನೆ ಅಸಾಮಾನ್ಯ ಬೆಂಕಿ, ಅಸಾಮಾನ್ಯ ಬೆಂಕಿಯ ಹಿಂದೆ ಅಸಾಮಾನ್ಯ ಉದ್ದೇಶ ಎಂದು ಊಹಿಸುವ ಚಾಳಿ ಇದು. ಈಗ ಆ ಉದ್ದೇಶಕ್ಕೆ 'ಆಚರಣೆ' ಎಂಬ ಹೆಸರು ಬಂದಿದೆ, ಅಷ್ಟೆ.

ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 19ನೇ ಶತಮಾನದಲ್ಲೇ ಈ ದಿಬ್ಬಗಳನ್ನು ನವಶಿಲಾಯುಗದ ದನಗಾಹಿಗಳಿಗೆ ಸಂಬಂಧಿಸಿ, ಬೂದಿ ಸಗಣಿಯದೆಂದು ಹೇಳಿದ್ದರು. ಸೀವೆಲ್ ಲೇಖನಿ ಹಿಡಿಯುವ ಮೊದಲೇ ಸರಿಯಾದ ಉತ್ತರ ಮೇಜಿನ ಮೇಲಿತ್ತು. ಅದನ್ನು ಓದುವ ವ್ಯವಧಾನ ಶಾಸನ, ಅರಮನೆಗಳ ಇತಿಹಾಸ ಬರೆಯುವವರಿಗೆ ಇರಲಿಲ್ಲ. (ಈಗಲೂ ಇದೆಯೆಂದು ಎದೆತಟ್ಟಿ ಹೇಳಲಾರೆ.)

ವಿವಾದವನ್ನು ಪ್ರಯೋಗಾಲಯಕ್ಕೆ ಒಯ್ದವರು ಫ್ರೆಡರಿಕ್ ಝೋಯ್ನರ್. ಬಳ್ಳಾರಿಯ ಮಾದರಿಗಳ ಬಗ್ಗೆ 1960ರಲ್ಲಿ ಪ್ರಕಟವಾದ ಅವರ ವಿಶ್ಲೇಷಣೆಯ ನಂತರ ಬೂದಿಯೂ ಕಿಟ್ಟವೂ ದನದ ಸಗಣಿಯಿಂದಲೇ ಆದವೆಂಬುದರಲ್ಲಿ ಸಂಶಯ ಉಳಿಯಲಿಲ್ಲ. ಹುಲ್ಲು ತನ್ನ ಜೀವಕೋಶಗಳಲ್ಲಿ ಸಿಲಿಕಾ ಕೂಡಿಡುತ್ತದೆ; ದನ ಮೇದರೂ, ಸಗಣಿ ಸುಟ್ಟರೂ ಆ ಕಣಗಳು ಉಳಿಯುತ್ತವೆ. ಅವೇ ಫೈಟೋಲಿತ್‌ಗಳು. ಕಬ್ಬಿಣದ ಕಿಟ್ಟವಾಗಿದ್ದರೆ ಅದು ಭಾರವಾಗಿರಬೇಕು, ಕಬ್ಬಿಣದ ಅಂಶದಿಂದ ತುಂಬಿರಬೇಕು. ದಿಬ್ಬಗಳ ಕಿಟ್ಟವಾದರೋ ಹಗುರ, ಒಳಗೆಲ್ಲ ಗುಳ್ಳೆ.

ಹಾಗಾದರೆ ಅಷ್ಟು ಶಾಖ ಎಲ್ಲಿಂದ ಬಂತು? ಶುದ್ಧ ಸಿಲಿಕಾ ಕರಗಲು 1,700 ಡಿಗ್ರಿ ಸೆಲ್ಸಿಯಸ್ ದಾಟಬೇಕು ನಿಜ, ಆದರೆ ಸಗಣಿಯ ಬೂದಿಯಲ್ಲಿರುವುದು ಶುದ್ಧ ಸಿಲಿಕಾ ಅಲ್ಲ. ಜೊತೆಗಿರುವ ಪೊಟ್ಯಾಸಿಯಂ, ಕ್ಯಾಲ್ಸಿಯಂ ಲವಣಗಳು ಕರಗುವ ಬಿಂದುವನ್ನು ನೂರಾರು ಡಿಗ್ರಿ ಕೆಳಗಿಳಿಸುತ್ತವೆ. ಮೇಲಾಗಿ, ಕುಂಬಾರರ ಆವಿಗೆಯಲ್ಲಿ ಆಗುವಂತೆ, ದಪ್ಪ ಹೊದಿಕೆಯ ಅಡಿಯಲ್ಲಿ ಶಾಖ ಹೊರಹೋಗದೆ ಕೂಡುತ್ತ ಹೋಗುತ್ತದೆ. ರಾಶಿ ದೊಡ್ಡದಿತ್ತು, ಬಹಳ ಹೊತ್ತು ಉರಿಯಿತು ಎಂಬುದರಾಚೆಗೆ ಕಿಟ್ಟ ಏನನ್ನೂ ಹೇಳುವುದಿಲ್ಲ. ಹಚ್ಚಿದವನ ಮನಸ್ಸು ಅದರಲ್ಲಿ ದಾಖಲಾಗಿಲ್ಲ.

ಪುರಾತತ್ತ್ವಜ್ಞ ರೇಮಂಡ್ ಆಲ್ಚಿನ್ ಈ ವಿಷಯದಲ್ಲಿ ತಮ್ಮ ಅನುಯಾಯಿಗಳಿಗಿಂತ ಎಚ್ಚರಿಕೆಯವರು. ಈಗಿನ ತೆಲಂಗಾಣದಲ್ಲಿರುವ ಉಟ್ನೂರಿನಲ್ಲಿ ಅವರಿಗೆ ಕಂಬ ನೆಟ್ಟ ಗುಳಿಗಳ ಸಾಲು ಸಿಕ್ಕಿತು, ಬೂದಿಯಲ್ಲಿ ಮೂಡಿ ಉಳಿದ ದನದ ಗೊರಸಿನ ಗುರುತುಗಳೂ ಸಿಕ್ಕವು. ದಿಬ್ಬ ದನದ ದೊಡ್ಡಿಯೆಂಬುದಕ್ಕೆ ಇದಕ್ಕಿಂತ ನೇರ ಪುರಾವೆ ಬೇಕಿಲ್ಲ. ಹೋಳಿ, ಪೊಂಗಲ್‌ಗಳಂಥ ಹಬ್ಬದ ಬೆಂಕಿಗಳನ್ನು 1963ರ ತಮ್ಮ ಗ್ರಂಥದಲ್ಲಿ ನೆನೆದಾಗ ಅವರು ಆಧರಿಸಿದ್ದು ಜನಜೀವನದ ಹೋಲಿಕೆಯನ್ನು, ಕಿಟ್ಟವನ್ನಲ್ಲ. ಆ ಹೋಲಿಕೆ ನನಗೆ ಒಪ್ಪಿಗೆಯಿಲ್ಲ. ಅದು ಹೋಲಿಕೆಯೆಂದು ಮುಚ್ಚುಮರೆಯಿಲ್ಲದೆ ಹೇಳಿದ್ದಕ್ಕೆ ಗೌರವವಿದೆ. ಝೋಯ್ನರ್ ಫಲಿತಾಂಶವನ್ನು ಉಲ್ಲೇಖಿಸಿ, ಮರುವಾಕ್ಯದಲ್ಲೇ ಆಚರಣೆಯೂ ಸಿದ್ಧವಾಯಿತೆನ್ನುವವರ ಬಗ್ಗೆ ಹಾಗೆನ್ನಲಾರೆ.

ಸುಟ್ಟದ್ದೆಲ್ಲ ಆಕಸ್ಮಿಕವೆಂಬ ಎದುರು ಅತಿಗೆ ನಾನು ಹೋಗುತ್ತಿಲ್ಲ. ಸುಟ್ಟ ಪದರಗಳು ಒಂದರ ಮೇಲೊಂದು ಬಂದಾಗ ಎಲ್ಲವನ್ನೂ ಹಾರಿದ ಕಿಡಿಯ ಲೆಕ್ಕಕ್ಕೆ ಬರೆಯಲಾಗದು. ಆದರೆ ಬೇಕೆಂದೇ ಹಚ್ಚಿದ ಬೆಂಕಿ ಉಣ್ಣೆ, ನೊಣಗಳ ಕಾಟಕ್ಕೂ ಇರಬಹುದು, ದೇವರಿಗೂ ಇರಬಹುದು; ಯಾವುದೆಂದು ತಿಳಿಯಲು ದಿಬ್ಬದ ಸುತ್ತಲಿನ ಬದುಕು ಗೊತ್ತಿರಬೇಕು. ಪುರಾತತ್ತ್ವಜ್ಞ ಕೆ. ಪದ್ದಯ್ಯ ಬೂದಿಹಾಳದಲ್ಲಿ ದಿಬ್ಬವನ್ನಷ್ಟೇ ಅಗೆಯದೆ ಪಕ್ಕದ ವಸತಿ, ದನ ಕಟ್ಟುವ ಜಾಗ, ಮಾಂಸ ಕಡಿದ ನೆಲ, ಕಲ್ಲಿನ ಆಯುಧ ಮಾಡಿದ ಜಾಗ ಎಲ್ಲವನ್ನೂ ಬಯಲಿಗೆ ತಂದದ್ದು ಈ ಕಾರಣಕ್ಕೇ ಮಹತ್ವದ್ದು.

ಸಗಣಿ ದೊಡ್ಡಿಯಲ್ಲೇ ಬಿದ್ದು ಕೂಡಿತೋ, ಹೊತ್ತು ತಂದು ಸುರಿದದ್ದೋ ಎಂದು ತಿಳಿಯುವ ಮುಂದಿನ ಕೆಲಸ ಕಿಟ್ಟದಲ್ಲಿಲ್ಲ, ಅರೆಬೆಂದ ಅಂಚುಗಳಲ್ಲಿದೆ. ಮೇಯುವ ಪ್ರಾಣಿಗಳ ಸಗಣಿಯಲ್ಲಿ ಸೂಕ್ಷ್ಮ ಸುಣ್ಣದ ಗೋಲಿಗಳಿರುತ್ತವೆ. ಹೆಚ್ಚು ಶಾಖದಲ್ಲಿ ಅವು ನಾಶವಾಗುತ್ತವೆ. ಆದ್ದರಿಂದ ಅವನ್ನು ಹುಡುಕಬೇಕಾದದ್ದು ಕಡಿಮೆ ಬೆಂದ ಪದರದಲ್ಲಿ. ಆ ಪದರದ ಮಣ್ಣನ್ನು ಅಲುಗಿಸದೆ ಕತ್ತರಿಸಿ ತೆಳುಪಟ್ಟಿ ಮಾಡಿ ನೋಡಿದರೆ, ಗೊರಸು ತುಳಿದ ಸಗಣಿ ಅಡ್ಡಡ್ಡ ಒತ್ತಿಕೊಂಡ ಹಾಳೆಗಳಾಗಿ ಕಾಣಬೇಕು, ಎತ್ತಿ ಸುರಿದದ್ದು ಕಲಸಿಹೋಗಿರಬೇಕು. ಸಗಣಿಯನ್ನು ದೊಡ್ಡಿಯಿಂದ ಹೊತ್ತು ತಂದು ದಿಬ್ಬ ಕಟ್ಟಿದರೆನ್ನುವವರು ಮೊದಲು ಆ ಪಟ್ಟಿಗಳನ್ನು ತೋರಿಸಲಿ.