ಸ್ವಲೀನತೆಯ ಕಾರಣವಿಚಾರ

ಮಾತನಾಡಬೇಕಾದ ವಯಸ್ಸಿನಲ್ಲಿ ಮಾತನಾಡದೆ, ಕರೆದರೆ ತಿರುಗದೆ, ಜನರ ನಡುವೆ ಇದ್ದೂ ತನ್ನಲ್ಲಿಯೇ ತಾನು ಮಗ್ನವಾಗಿರುವ ಶಿಶುವಿನ ಸ್ಥಿತಿಗೆ ಪಾಶ್ಚಾತ್ಯ ವೈದ್ಯರು ‘ಆಟಿಸಂ’ ಎಂದು ಹೆಸರಿಟ್ಟಿರುವರು. ಗ್ರೀಕ್ ಭಾಷೆಯಲ್ಲಿ ‘ಆಟೋಸ್’ ಎಂದರೆ ‘ತಾನು’. ಸ್ವಿಟ್ಸರ್ಲೆಂಡಿನ ಮನೋವೈದ್ಯರಾದ ಬ್ಲಾಯ್ಲರರು 1911ರ ಸುಮಾರಿಗೆ ಈ ಪದವನ್ನು ಬೇರೊಂದು ಚಿತ್ತವಿಕಾರದ ಲಕ್ಷಣಕ್ಕಾಗಿ ಬಳಸಿದರು. ಶಿಶುಗಳಿಗೆ ಅದು ಅನ್ವಯವಾದದ್ದು ಅನಂತರ. ಕನ್ನಡದಲ್ಲಿ ಇದನ್ನು ‘ಸ್ವಲೀನತೆ’ ಎನ್ನುವವರುಂಟು. ಪದವೇನೋ ಇಂಪಾಗಿದೆ. ಆದರೆ ಲೀನವಾಗುವುದು ಎಂದೊಡನೆ ಯೋಗಿಯ ಇಚ್ಛಾಪೂರ್ವಕವಾದ ಏಕಾಂತವು ನೆನಪಿಗೆ ಬರುವುದರಿಂದ, ಮಗುವು ತಾನಾಗಿಯೇ ಲೋಕವನ್ನು ತೊರೆದಿದೆಯೆಂಬ ಭ್ರಮೆಗೆ ಅದು ಎಡೆಗೊಡುತ್ತದೆ. ತೊರೆದಿದ್ದರೆ ಯಾರ ದೆಸೆಯಿಂದ ತೊರೆಯಿತು? ಈ ಪ್ರಶ್ನೆಯೇ ಅಮೆರಿಕಾ ದೇಶದಲ್ಲಿ ಒಂದು ತಲೆಮಾರಿನ ತಾಯಂದಿರನ್ನು ಅಪರಾಧಿಗಳ ಸ್ಥಾನದಲ್ಲಿ ನಿಲ್ಲಿಸಿತು. ಆ ಆರೋಪವು ಹುಟ್ಟಿ ಬಿದ್ದುಹೋದ ಬಗೆಯನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶವು.

ಮಾಸ್ಕೋ ನಗರದ ವೈದ್ಯೆ ಸುಖಾರೇವಾ ಅವರು ಇಂತಹ ಆರು ಮಂದಿ ಬಾಲಕರ ವೃತ್ತಾಂತವನ್ನು 1925-26ರಲ್ಲಿಯೇ ಪ್ರಕಟಿಸಿ, ಇದು ಹುಟ್ಟಿನಿಂದ ಬಂದ ಪ್ರಕೃತಿಯೆಂದು ತಿಳಿದಿದ್ದರು. ಆದರೆ ಅದು ಬಹುಕಾಲ ಹೆಚ್ಚು ಜನರ ಗಮನಕ್ಕೆ ಬರಲಿಲ್ಲ. ಪ್ರಸಿದ್ಧಿಗೆ ಬಂದದ್ದು ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ವೈದ್ಯಶಾಲೆಯ ಲಿಯೋ ಕ್ಯಾನರರು 1943ರಲ್ಲಿ ಬರೆದ ಪ್ರಬಂಧ. ಅದರಲ್ಲಿ ಹನ್ನೊಂದು ಮಕ್ಕಳ ಚರಿತ್ರೆಯಿದೆ: ಎಂಟು ಗಂಡು, ಮೂರು ಹೆಣ್ಣು. ಎತ್ತಿಕೊಳ್ಳಲು ಬಂದರೆ ಕೈನೀಡದ, ವಸ್ತುಗಳು ಇದ್ದಂತೆಯೇ ಇರಬೇಕೆಂದು ಹಟಹಿಡಿಯುವ ಈ ಶಿಶುಗಳು ಜನರೊಡನೆ ಬೆರೆಯುವ ಸಹಜಶಕ್ತಿಯ ಕೊರತೆಯನ್ನು ಹುಟ್ಟುವಾಗಲೇ ಪಡೆದು ಬಂದಿರಬೇಕೆಂದು ಅವರು ನಿರ್ಣಯಿಸಿದರು. ಐದು ಮಕ್ಕಳ ತಲೆಯು ಸ್ವಲ್ಪ ದೊಡ್ಡದಾಗಿತ್ತೆಂಬ ಮಾತನ್ನೂ ಬರೆದಿಟ್ಟರು. ಆದರೆ ಅದೇ ಪ್ರಬಂಧದಲ್ಲಿ, ಈ ಮಕ್ಕಳ ತಂದೆತಾಯಿಗಳಲ್ಲಿ ಅಕ್ಕರೆಯುಳ್ಳವರು ಕಡಮೆಯೆಂಬ ಇನ್ನೊಂದು ಮಾತು ಸೇರಿಹೋಯಿತು. 1949ರ ಲೇಖನದಲ್ಲಂತೂ ಆ ಮನೆಗಳನ್ನು ಮಂಜು ಕರಗದ ರೆಫ್ರಿಜರೇಟರಿಗೆ ಹೋಲಿಸಿದರು. ಲೋಕವು ಮೊದಲನೆಯ ನಿರ್ಣಯವನ್ನು ಮರೆತು ಈ ಉಪಮಾನವನ್ನು ಹಿಡಿದುಕೊಂಡಿತು. ‘ರೆಫ್ರಿಜರೇಟರ್ ತಾಯಿ’ ಎಂಬ ಮಾತು ಹೀಗೆ ರೂಢಿಗೆ ಬಂದದ್ದು.

ನಮ್ಮ ನೈಯಾಯಿಕರ ಬಳಿ ಎರಡು ವರ್ಷ ತರ್ಕಸಂಗ್ರಹವನ್ನು ಓದಿದವನೂ ಇಲ್ಲಿ ತಡೆದು ಕೇಳುತ್ತಿದ್ದನು. ಕರೆದರೆ ಓಗೊಡದ, ಅಪ್ಪಿಕೊಂಡರೆ ಬಿಡಿಸಿಕೊಳ್ಳುವ ಮಗುವನ್ನು ವರ್ಷಗಟ್ಟಲೆ ಸಾಕಿ ಬಳಲಿದ ತಾಯಿಯು ವೈದ್ಯರ ಮುಂದೆ ಬಿಗಿದ ಮುಖದಿಂದ ಕುಳಿತಿದ್ದರೆ, ಆ ಬಿಗುಪು ರೋಗದ ಕಾರಣವೋ ಕಾರ್ಯವೋ? ಅದೇ ತಾಯಿಯು ಹಾಲೂಡಿಸಿದ ಬೇರೆ ಮಕ್ಕಳು ಆಡಿಕೊಂಡಿರುವುದು ಹೇಗೆ? ಹೇತುವು ವ್ಯಭಿಚರಿಸಿತೆಂದರೆ ಅನುಮಾನವು ನಿಲ್ಲದು. ಆದರೂ ಷಿಕಾಗೋವಿನಲ್ಲಿ ಮಕ್ಕಳ ವಸತಿಶಾಲೆಯೊಂದನ್ನು ನಡೆಯಿಸುತ್ತಿದ್ದ ಬೆಟಲ್‌ಹೈಮರು 1967ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದೇ ವಾದವನ್ನು ಎತ್ತಿಹಿಡಿದರು. ನಾತ್ಸಿಗಳ ಸೆರೆಶಿಬಿರವನ್ನು ಸ್ವತಃ ಅನುಭವಿಸಿದ್ದ ಅವರಿಗೆ, ಈ ಮಕ್ಕಳ ಮೌನವು ಸೆರೆಯಾಳುಗಳ ಮೌನದಂತೆ ಕಂಡಿತು. ಮನೆಯೇ ಸೆರೆಯಾದ ಮೇಲೆ ಕಾವಲುಗಾರರು ಯಾರೆಂಬುದನ್ನು ಹೇಳಬೇಕಾಗಿಲ್ಲ. ಪುಸ್ತಕವು ಜನಪ್ರಿಯವಾಯಿತು, ಎಷ್ಟೋ ತಾಯಂದಿರು ಅದನ್ನು ಓದಿ ತಮ್ಮನ್ನು ತಾವೇ ಹಳಿದುಕೊಂಡರು.

ಇದಕ್ಕೆ ಮೂರು ವರ್ಷ ಮೊದಲೇ ಉತ್ತರವು ಸಿದ್ಧವಾಗಿತ್ತು. ಬರ್ನಾರ್ಡ್ ರಿಮ್ಲೆಂಡರು ಅಮೆರಿಕಾದ ನೌಕಾಪಡೆಯಲ್ಲಿ ಮನಶ್ಶಾಸ್ತ್ರಜ್ಞರು. ಅವರ ಮಗನೇ ಈ ಸ್ಥಿತಿಯವನು. ದೊರೆತ ಬರಹಗಳನ್ನೆಲ್ಲ ಸೋಸಿ, 1964ರಲ್ಲಿ, ಇದು ಮಿದುಳಿನ ವ್ಯತ್ಯಾಸವೇ ಹೊರತು ಸಾಕಣೆಯ ದೋಷವಲ್ಲವೆಂದು ಪ್ರತಿಪಾದಿಸಿದರು. ಆ ಗ್ರಂಥಕ್ಕೆ ಮುನ್ನುಡಿ ಬರೆದವರು ಕ್ಯಾನರರೇ. 1969ರಲ್ಲಿ ತಂದೆತಾಯಿಗಳ ಸಭೆಯೊಂದರಲ್ಲಿ ಅವರು ಎದ್ದುನಿಂತು, ತಾವು ನೆರೆದವರನ್ನು ಆರೋಪದಿಂದ ಬಿಡುಗಡೆ ಮಾಡಿರುವುದಾಗಿ ಸಾರಿದರು. ಆರೋಪಿಗಳಿಗೆ ಇದು ಸಮಾಧಾನವೇ ಸರಿ. ಆದರೆ ಇಪ್ಪತ್ತು ವರ್ಷ ಕಳೆದುಹೋಗಿತ್ತು.

ಬಾಯಿಮಾತಿನ ಬಿಡುಗಡೆ ಬೇರೆ, ಪ್ರಮಾಣ ಬೇರೆ. ಪ್ರಮಾಣವನ್ನು ಒದಗಿಸಿದವರು ಲಂಡನ್ನಿನಲ್ಲಿ ಪರಿಶೋಧನೆ ಮಾಡಿದ ಫೋಲ್ಸ್ಟೀನ್ ಮತ್ತು ರಟ್ಟರ್ ಎಂಬುವರು. 1977ರಲ್ಲಿ ಅವರು ಇಪ್ಪತ್ತೊಂದು ಅವಳಿಜವಳಿ ಜೋಡಿಗಳನ್ನು ಪರೀಕ್ಷಿಸಿದರು. ಒಂದೇ ಅಂಡದಿಂದ ಹುಟ್ಟಿದ 11 ಜೋಡಿಗಳ ಪೈಕಿ 4ರಲ್ಲಿ ಇಬ್ಬರಿಗೂ ಆಟಿಸಂ ಇತ್ತು; ಬೇರೆಬೇರೆ ಅಂಡಗಳಿಂದ ಹುಟ್ಟಿದ 10 ಜೋಡಿಗಳಲ್ಲಿ ಒಂದರಲ್ಲಿಯೂ ಇಬ್ಬರಿಗೂ ಇರಲಿಲ್ಲ. ಎರಡು ಪಕ್ಷದಲ್ಲಿಯೂ ಮನೆಯೊಂದೇ, ತಾಯಿಯೊಬ್ಬಳೇ. ಬೇರೆಯಾದದ್ದು ಬೀಜಗುಣ ಮಾತ್ರ. ಅನ್ವಯವ್ಯತಿರೇಕಗಳೆಂದು ನಮ್ಮವರು ಹೇಳುವ ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ನಾನು ಕಂಡಿಲ್ಲ. ಹನ್ನೊಂದಕ್ಕೆ ಹನ್ನೊಂದೂ ಹೊಂದದಿದ್ದುದರಿಂದ ಬೀಜವೊಂದೇ ಸರ್ವಸ್ವವಲ್ಲವೆಂಬುದೂ ವ್ಯಕ್ತವಾಗುತ್ತದೆ. 1964ರ ರುಬೆಲ್ಲಾ ಜ್ವರದ ಕಾಲದಲ್ಲಿ ಗರ್ಭದಲ್ಲಿದ್ದು ಸೋಂಕು ತಗುಲಿದ ಮಕ್ಕಳಲ್ಲಿಯೂ ಆಟಿಸಂ ಹೆಚ್ಚಾಗಿ ಕಂಡಿತ್ತೆಂದು ನ್ಯೂಯಾರ್ಕಿನ ಸ್ಟೆಲ್ಲಾ ಚೆಸ್ ಅವರು 1971ರಲ್ಲಿ ತೋರಿಸಿದ್ದರು.

ಮಿದುಳನ್ನೇ ನೋಡಿದವರ ಮಾತು ಇನ್ನು ಉಳಿದಿದೆ. ಗರ್ಭಸ್ಥ ಶಿಶುವಿನ ಮಿದುಳಿನಲ್ಲಿ ನರಕೋಶಗಳು ಒಳಭಾಗದಲ್ಲಿ ಹುಟ್ಟಿ, ಹೊರಪದರಕ್ಕೆ ಸರಿದು, ಪದರಪದರವಾಗಿ ನೆಲೆಗೊಳ್ಳುತ್ತವೆ. ಹುಟ್ಟಿದ ಮೇಲೆ ಅವುಗಳ ನಡುವೆ ಅಪಾರವಾದ ಸಂಧಿಗಳೇರ್ಪಟ್ಟು, ತೋಟಗಾರನು ಗಿಡವನ್ನು ಸವರುವಂತೆ ಬೇಡದವು ಸವರಿಹೋಗುತ್ತವೆ. ಬೌಮನ್ ಮತ್ತು ಕೆಂಪರ್ ಎಂಬುವರು 1985ರಲ್ಲಿ, ಆಟಿಸಂ ಇದ್ದು ಮೃತನಾದ 29 ವರ್ಷದವನ ಮಿದುಳನ್ನು ಪರೀಕ್ಷಿಸಿ, ಕಿರುಮಿದುಳಿನಲ್ಲಿ ಪರ್ಕಿಂಜೆ ಕೋಶಗಳು ಕಡಮೆಯಾಗಿರುವುದನ್ನು ಕಂಡರು. ಕ್ಯಾಲಿಫೋರ್ನಿಯಾದ ಕೂರ್ಶೆನ್ ಅವರೂ ಸಂಗಡಿಗರೂ 2011ರಲ್ಲಿ ಏಳು ಬಾಲಕರ ಮುಮ್ಮಿದುಳಿನ ಕೋಶಗಳನ್ನು ಎಣಿಸಲು, ಅವು ಇತರ ಬಾಲಕರಿಗಿಂತ ಶೇಕಡ 67ರಷ್ಟು ಹೆಚ್ಚಾಗಿದ್ದವು. ಆ ಕೋಶಗಳು ಹುಟ್ಟುವುದು ಜನನಕ್ಕೆ ಮೊದಲು. 1943ರಲ್ಲಿ ಬರೆದಿಟ್ಟ ಆ ದೊಡ್ಡ ತಲೆಗಳು ಇಲ್ಲಿ ನೆನಪಾಗುತ್ತವೆ. ಪರೀಕ್ಷೆಗೆ ದೊರೆತ ಮಿದುಳುಗಳು ಬಹು ಸ್ವಲ್ಪವಾದ್ದರಿಂದ ಇದನ್ನು ಎಲ್ಲರಿಗೂ ಅನ್ವಯಿಸಲಾಗದು. 2020ರಲ್ಲಿ ಪ್ರಕಟವಾದ ಒಂದು ದೊಡ್ಡ ಸಂಶೋಧನೆಯು 102 ಜೀನುಗಳನ್ನು ಹೆಸರಿಸಿದೆ. ಅವುಗಳಲ್ಲಿ ಬಹುಪಾಲು ಗರ್ಭಾವಸ್ಥೆಯ ಮಿದುಳಿನಲ್ಲಿಯೇ ಕೆಲಸ ಮಾಡುವಂಥವು.

ನಡುವೆ ಲಸಿಕೆಯ ಮೇಲೆಯೂ ಅಪವಾದವೊಂದು ಬಂದಿತು. ಹನ್ನೆರಡು ಮಕ್ಕಳನ್ನು ಮುಂದಿಟ್ಟುಕೊಂಡ ಆ 1998ರ ಲೇಖನವನ್ನು ‘ಲ್ಯಾನ್ಸೆಟ್’ ಪತ್ರಿಕೆಯು 2010ರಲ್ಲಿ ಹಿಂತೆಗೆದುಕೊಂಡಿತು. ಕಾಕತಾಲೀಯಕ್ಕೆ ಅಷ್ಟು ಸ್ಥಳ ಸಾಕು.

ಇಷ್ಟೆಲ್ಲ ಆದರೂ, ರಕ್ತವನ್ನು ನೋಡಿಯೋ ಮಿದುಳಿನ ಚಿತ್ರವನ್ನು ತೆಗೆದೋ ಇದನ್ನು ನಿಶ್ಚಯಿಸುವ ಕ್ರಮವು ಇನ್ನೂ ಬಂದಿಲ್ಲ. ವೈದ್ಯರು ಮಗುವಿನ ನಡೆನುಡಿಗಳನ್ನು ಬಹುಹೊತ್ತು ನೋಡುತ್ತಾರೆ. ಅದು ಯಾವಾಗ ನಕ್ಕಿತು, ಯಾವಾಗ ಕೈನೀಡಿತು ಎಂಬುದನ್ನು ತಾಯಿಯನ್ನು ಕೇಳಿ ಬರೆದುಕೊಳ್ಳುತ್ತಾರೆ.